ತಾರಸಿಯ ಮೇಲೆ ಬಂಗಡೆ

ಮನುಷ್ಯ ಮನೆಯನ್ನು ನೆಲದ ಮೇಲೆ ಕಟ್ಟುವುದು ಬಿಟ್ಟು ಇನ್ನೊಬ್ಬರ ತಲೆಯ ಮೇಲೆ ಕಟ್ಟಲು ಶುರು ಮಾಡಿದ ಮೇಲೆ ಜಗಳಕ್ಕೆ ಕಾರಣ ಹುಡುಕುವ ಕಷ್ಟ ತಪ್ಪಿತು ಎಂಬುದು ನನ್ನ ಅಭಿಪ್ರಾಯ. ಮೊದಲು ಜಗಳ ಬೇಕೆಂದರೆ ಬೇಲಿಯ ತನಕ ನಡೆದು ಹೋಗಬೇಕಿತ್ತು. ಈಗ ಸುಮ್ಮನೆ ಕೂತರೂ ಸಾಕು, ಮೇಲಿನವರ ನೀರು ಕೆಳಗೆ ಬರುತ್ತದೆ, ಕೆಳಗಿನವರ ಒಗ್ಗರಣೆ ಮೇಲೆ ಬರುತ್ತದೆ, ಜಗಳ ತಾನಾಗಿಯೇ ಬಾಗಿಲು ಬಡಿಯುತ್ತದೆ. ನಾನು ಕಲಿತದ್ದು ಎರಡನೇ ಇಯತ್ತೆ, ಅದೂ ಪೂರ್ತಿ ಆಗಲಿಲ್ಲ. ಮೀನಿನ ಬುಟ್ಟಿ ಹೊರಲು ತಲೆ ಬೇಕಾಗಿತ್ತು, ತಲೆಯೊಳಗೆ ಅಕ್ಷರ ಇರಬೇಕೆಂದು ಯಾರೂ ಹೇಳಲಿಲ್ಲ. ಆದ್ದರಿಂದ ನನ್ನ ಅಭಿಪ್ರಾಯಕ್ಕೆ ಯಾರೂ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಆದರೆ ಹೊನ್ನಾವರದಲ್ಲಿ ಕೆರೆಯ ದಂಡೆಯ ಫ್ಲ್ಯಾಟಿನಲ್ಲಿ ಇರುವ ಮೀನಿನ ಮುದುಕಿ ನಾನೊಬ್ಬಳೇ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಹಳೆಯ ಮನೆ ಇದ್ದದ್ದೂ ಈ ಕೆರೆಯ ದಂಡೆಯಲ್ಲೇ. ಊರಿನ ಎಮ್ಮೆಗಳೆಲ್ಲ ಅಲ್ಲಿ ಮೀಯುತ್ತಿದ್ದುದರಿಂದ ಅದಕ್ಕೆ ಎಮ್ಮೆಕೆರೆ ಎಂದೇ ಹೆಸರು. ಗಂಡ ದೋಣಿಗೆ ಹೋಗುತ್ತಿದ್ದ, ನಾನು ಮನೆಮನೆಗೆ ಮೀನು ಮಾರುತ್ತಿದ್ದೆ. ಟ್ರಾಲರುಗಳು ಬಂದ ಮೇಲೆ ದೋಣಿಯ ಕೆಲಸ ತಗ್ಗಿತು, ಗಂಡನೂ ತೀರಿಕೊಂಡ. ಮಗ ದಾಮೋದರ ಬಂದರದ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಆ ಸಮಯದಲ್ಲಿ ಮುಂಬಯಿಯಿಂದ ಬಂದ ಒಬ್ಬ ಕಂತ್ರಾಟುದಾರ ನಮ್ಮ ಅಂಗಳದಲ್ಲಿ ನಿಂತು, ಕರ್ಕಿಯ ಯಕ್ಷಗಾನದ ಆಟದಲ್ಲಿ ರಾಜನ ವೇಷದವನು ಒಡ್ಡೋಲಗಕ್ಕೆ ಬಂದ ಹಾಗೆ ಕೈ ಬೀಸಿ, "ಅಮ್ಮಾ, ಈ ಜಾಗ ನನಗೆ ಕೊಡಿ. ದೊಡ್ಡ ಬಿಲ್ಡಿಂಗ್ ಅಲ್ಲ, ಚೊಕ್ಕ ಆರು ಮನೆ. ಆಯ್ದ ಜನರಿಗೆ ಮಾತ್ರ. ಅದರಲ್ಲಿ ಒಂದು ಮನೆ ನಿಮಗೇ," ಎಂದ. "ನಮ್ಮನ್ನ ಆಯ್ದವ್ರು ಯಾರು?" ಎಂದು ಕೇಳಿದೆ. "ಜಾಗ ನಿಮ್ಮದಲ್ವಾ?" ಎಂದ. ಆಯ್ದ ಜನ ಅಂದರೆ ಎಂಥವರು ಎಂದು ನನಗೆ ಆಗ ತಿಳಿಯಿತು.

ಕಟ್ಟಡ ಏಳುವ ಹೊತ್ತಿಗೆ ಎಮ್ಮೆಕೆರೆ ಸರೋವರವಾಯಿತು. ಎಮ್ಮೆಗಳಿಗೆ ಯಾರೂ ತಿಳಿಸಲಿಲ್ಲ, ಅವು ಬರುತ್ತಲೇ ಇದ್ದವು. ಗೇಟಿನ ಮೇಲೆ 'ಸರೋವರ ದರ್ಶನ' ಎಂದು ಬರೆಸಿದರು. ಎದುರು ಬದಿಯ ಮನೆಗಳಿಂದ ಕೆರೆ ಕಾಣುತ್ತದೆಂದು ಅವಕ್ಕೆ ಕ್ರಯ ಹೆಚ್ಚು. ನಮಗೆ ಸಿಕ್ಕಿದ್ದು ಮೇಲಿನ ಮಾಳಿಗೆಯಲ್ಲಿ ಹಿಂಬದಿಯದು. ಅದರ ಕಿಟಕಿಯಿಂದ ಕಾಣುವುದು ಅಕ್ಕಿಗಿರಣಿಯ ತಗಡು. ದಾಮೋದರ ಬೇಸರ ಮಾಡಿಕೊಂಡ, ನಾನು ಮಾಡಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಸಮುದ್ರ ನೋಡಿದವಳು ನಾನು. ನಿಂತ ನೀರನ್ನೂ ಎಮ್ಮೆಯ ಬೆನ್ನನ್ನೂ ದುಡ್ಡು ಕೊಟ್ಟು ನೋಡುವವರಿಗೆ ತಲೆ ಸರಿಯಿಲ್ಲ ಎಂದು ಮಗನಿಗೆ ಹೇಳಿದೆ. ನಮ್ಮ ಹಳೆಯ ಅಡುಗೆಮನೆ ಇದ್ದಲ್ಲಿ ಈಗ ಎದುರು ಬಾಗಿಲಿನ ಪೈಯವರ ಸ್ಕೂಟರು ನಿಲ್ಲುತ್ತದೆ. ನಾನೂ ಅದೇ ಜಾಗದಲ್ಲಿದ್ದೇನೆ, ಸ್ವಲ್ಪ ಮೇಲೆ ಹೋಗಿದ್ದೇನೆ, ಅಷ್ಟೆ. ಹಳೆಯ ಮನೆಯಲ್ಲಿ ಮಳೆಗಾಲದಲ್ಲಿ ಪಾಯಖಾನೆಗೆ ಹೋಗಲು ಕೊಡೆ ಬೇಕಿತ್ತು. ಇಲ್ಲಿ ಅದು ಒಲೆಯ ಬೆನ್ನಿಗೇ ಇದೆ. ಮೊದಮೊದಲು ನನಗೆ ಅನ್ನ ಸೇರಲಿಲ್ಲ. ಆಮೇಲೆ ಮಂಡಿನೋವು ಶುರುವಾಯಿತು, ಒಲೆಯ ಹತ್ತಿರದ ಪಾಯಖಾನೆಯಂಥ ಸುಖ ಬೇರೆ ಇಲ್ಲ ಎಂದಾಯಿತು. ನಮ್ಮ ಮಡಿ ಮೈಲಿಗೆಯೆಲ್ಲ ಮಂಡಿ ಗಟ್ಟಿ ಇರುವ ತನಕ.

ಎಲ್ಲದಕ್ಕೂ ಹೊಂದಿಕೊಂಡೆ. ಒಂದಕ್ಕೆ ಮಾತ್ರ ಆಗಲಿಲ್ಲ. ಈ ಮನೆಗೆ ಅಂಗಳವಿಲ್ಲ. ಅಂಗಳವಿಲ್ಲದಿದ್ದರೆ ಏನಾಯಿತು ಎಂದು ಘಟ್ಟದ ಮೇಲಿನವರು ಕೇಳಬಹುದು. ಮಳೆಗಾಲ ಹಿಡಿಯಿತೆಂದರೆ ನಮ್ಮಲ್ಲಿ ದೋಣಿ ಇಳಿಯುವುದಿಲ್ಲ, ಹಸಿಮೀನು ಕಾಣುವುದಿಲ್ಲ. ಆ ತಿಂಗಳುಗಳಿಗೆಂದು ಬೇಸಿಗೆಯ ಕೊನೆಯಲ್ಲೇ ಬಂಗಡೆ ಮೀನು ಸೀಳಿ, ಉಪ್ಪು ಹಾಕಿ, ಅಂಗಳದಲ್ಲಿ ಒಣಗಿಸಿ ಡಬ್ಬ ತುಂಬಿಡಬೇಕು. ನಮ್ಮ ಜನರಲ್ಲಿ ಹೆಂಗಸಿನ ಯೋಗ್ಯತೆ ಅಳೆಯುವುದು ಆ ಡಬ್ಬದಿಂದ. ಒಣಮೀನನ್ನು ಸಂತೆಯಲ್ಲಿ ಕೊಂಡು ತರುವವಳೆಂದರೆ ಸೋಮಾರಿ ಎಂದು ಅರ್ಥ. ನಮ್ಮ ಕೇರಿಯಲ್ಲಿ ಮಂಕಾಳಿ ಎಂಬವಳಿದ್ದಳು. ಅವಳ ಮನೆಯ ಮುಂದೆ ದೊಡ್ಡ ಮಾವಿನ ಮರ, ಅಂಗಳ ತುಂಬ ನೆರಳು, ಒಣಗಿಸಲು ಜಾಗವಿಲ್ಲ. ಅವಳು ಪ್ರತಿ ವರ್ಷ ಕೊಂಡೇ ತರುತ್ತಿದ್ದಳು. ಚೀಲ ಹಿಡಿದು ನಮ್ಮ ಮನೆಯ ಮುಂದೆ ಹೋಗುವಾಗ ನಾನು ಕೂಗಿ ಕೇಳುತ್ತಿದ್ದೆ, "ಏ ಮಂಕಾಳೀ, ನಿನ್ನ ಅಂಗಳಕ್ಕೆ ಬಿಸ್ಲೇ ಬರೂದಿಲ್ವನೇ?" ಮರ ಇದ್ದದ್ದು ನನಗೂ ಕಾಣುತ್ತಿತ್ತು. ಆದರೆ ಅಷ್ಟು ಒಳ್ಳೆಯ ಮಾತನ್ನು ಒಂದು ಮರಕ್ಕಾಗಿ ಬಿಡಲು ಮನಸ್ಸಾಗುತ್ತಿರಲಿಲ್ಲ. ಆಮೇಲೆ ಅವಳು ಮಗನ ಸಂಗಡ ಬೇರೆ ಕಡೆ ಹೋದಳು, ನನಗೆ ಕೇಳಲು ಜನ ಇಲ್ಲದಾಯಿತು.

ಫ್ಲ್ಯಾಟಿಗೆ ಬಂದ ಮೊದಲ ಬೇಸಿಗೆಯಲ್ಲಿ ನನಗಿದ್ದ ಚಿಂತೆ ಇದೊಂದೇ, ನಾನು ಮಂಕಾಳಿ ಆಗಬಾರದು. ತಾರಸಿ ಎಲ್ಲರದ್ದು ಎಂದು ಕಂತ್ರಾಟುದಾರ ಹೇಳಿದ್ದ. ಅದರ ಕೀಲಿಕೈ ಭಟ್ಟಮಾಸ್ತರ ಹತ್ತಿರ ಇರುತ್ತಿತ್ತು. ಅವರು ನಿವೃತ್ತ ಹೆಡ್‌ಮಾಸ್ತರು, ನಮ್ಮ ಕೆಳಗಿನ ಮನೆಯವರು. ಸಾಲೆ ಬಿಟ್ಟ ಮೇಲೆ ಗಂಟೆ ಹೊಡೆಸಲು ಏನೂ ಇಲ್ಲದೆ ಈ ಆರು ಮನೆಯ ಸಂಘಕ್ಕೆ ಕಾರ್ಯದರ್ಶಿ ಆಗಿದ್ದರು. ಅವರ ಹೆಂಡತಿ ಪಾರ್ವತಮ್ಮ ಒಂದು ದಿನ ಹಲಸಿನ ಹಪ್ಪಳ ಒಣಗಿಸಲು ಬಾಗಿಲು ತೆಗೆದಿದ್ದರು. ಅವರು ಹಳೆಯ ಸೀರೆಯ ಮೇಲೆ ಹಪ್ಪಳ ಹರವಿ ಇಳಿದು ಹೋದ ಮೇಲೆ ನಾನು ಬುಟ್ಟಿ ಹೊತ್ತು ಹತ್ತಿ, ಅದರ ಪಕ್ಕದಲ್ಲೇ ತೆಂಗಿನ ಗರಿಯ ಚಾಪೆ ಹಾಸಿ ಬಂಗಡೆ ಹರವಿದೆ. ಬಾಗಿಲ ಹತ್ತಿರ ಬಿಸಿಲು ಚೆನ್ನಾಗಿತ್ತು. ಗಂಜಿ ಕುಡಿದು ಬರೋಣವೆಂದು ಕೆಳಗೆ ಹೋದೆ. ಹಳೆಯ ಅಂಗಳದಲ್ಲಾದರೆ ಒಳಗೆ ಕೂತು ಗಂಜಿ ಕುಡಿಯುತ್ತಲೇ "ಹುಶ್" ಅನ್ನಬಹುದಿತ್ತು. ಮೆಟ್ಟಿಲಿಳಿದು ಅಂದ 'ಹುಶ್' ಕಾಗೆಗೆ ಕೇಳಿಸುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಒಂದು ಕಾಗೆ ಬಂಗಡೆ ಎತ್ತಿದೆ, ಭಾರ ಆಗಿದೆ, ಹಪ್ಪಳದ ನಡುವೆ ಬಿಟ್ಟಿದೆ. ಇನ್ನೊಂದು ಕಾಗೆ ಜಗಳಕ್ಕೆ ಬಂದಿದೆ. ಎರಡೂ ಸೇರಿ ಹಪ್ಪಳದ ಮೇಲೆ ಕುಣಿದಿವೆ.

"ನಾಗಮ್ಮಾ, ಬಾ ಇಲ್ಲಿ! ಎಂತಾತು ನೋಡು!" ಎಂದು ಪಾರ್ವತಮ್ಮ ಕೂಗಿದ್ದು ಅಕ್ಕಿಗಿರಣಿಯ ತನಕ ಕೇಳಿರಬೇಕು. ಹತ್ತಿ ಹೋದೆ. ಒಂದು ಹಪ್ಪಳದ ಮೇಲೆ ಬಂಗಡೆಯ ಬಾಲ ಇತ್ತು. "ಇಷ್ಟೂ ಹಾಳಾತು. ಒಳಗೆ ತಗಂಡು ಹೋಪಲೆ ಬತ್ತಿಲ್ಲೆ, ಈಗ ಇದನ್ನ ಎಂತ ಮಾಡ್ಲಿ ನಾನು?" ಎಂದು ಅವರು ಅಳುವ ಹಾಗಾದರು. "ಬಿಸಾಡ್ಬೇಡಿ ಅಮ್ಮಾ, ನಂಗೆ ಕೊಡಿ. ಮೀನು ಮುಟ್ಟಿದ್ರೆ ನಂಗೆ ಎಂತದೂ ಆಗೂದಿಲ್ಲ," ಎಂದೆ. ಅವರು ಸೀರೆ ಸಮೇತ ಕೊಟ್ಟರು. ಹಲಸಿನ ಹಪ್ಪಳ ಅಷ್ಟು ರುಚಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಈ ಮಾತನ್ನು ಸಭೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಕಾಗೆಯನ್ನು ನಾನೇ ಕಲಿಸಿ ಕಳಿಸಿದ್ದು ಅನ್ನುತ್ತಿದ್ದರು.

ಹೌದು, ಸಭೆ ಆಯಿತು. ಭಾನುವಾರ ಮಾಸ್ತರ ಮನೆಯ ಜಗಲಿಯಂಥ ಕೋಣೆಯಲ್ಲಿ ಎಲ್ಲರೂ ಕೂತರು. ಮಾಸ್ತರು ಗಂಟಲು ಸರಿಮಾಡಿಕೊಂಡು, "ನಾಗಮ್ಮಾ, ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಆದ್ರೆ ತಾರಸಿ ಎಲ್ಲರದ್ದು," ಎಂದರು.

"ಎಲ್ಲರದ್ದು ಅಂದ್ರೆ ನಂದೂ ಹೌದಲ್ರಾ ಮಾಸ್ತರೇ? ನನ್ನ ಪಾಲಿನಲ್ಲಿ ನಾ ಹರವಿದ್ದೆ."

"ನಿಮ್ಮ ಪಾಲಿನ ವಾಸನೆ ನಮ್ಮ ಪಾಲಿಗೆ ಬಂತಲ್ಲ!"

ಅಷ್ಟರಲ್ಲಿ ನಮ್ಮ ಎದುರು ಬಾಗಿಲಿನ ಶಾಲಿನಿಬಾಯಿ ಮೂಗಿಗೆ ಸೆರಗು ಹಿಡಿದಳು. ಬಟ್ಟೆ ಅಂಗಡಿಯ ಪೈಯವರ ಹೆಂಡತಿ ಇವಳು. ಏಕಾದಶಿ, ಸೋಮವಾರ ಬಿಟ್ಟರೆ ಆ ಮನೆಯಲ್ಲಿ ಮೀನಿಲ್ಲದ ಊಟವಿಲ್ಲ. "ದೇವರ ಕೋಣೆ ತನಕ ಬತ್ತದೆ ಮಾರಾಯ್ತಿ ವಾಸನೆ, ವಾಂತಿ ಬಂದ ಹಾಂಗೆ ಆತದೆ," ಎಂದಳು. ಮೀನು ತಿನ್ನುವ ಮನೆಯೆಂದು ನಾನು ನಂಬಿಕೊಂಡಿದ್ದ ಒಂದೇ ಒಂದು ಬಾಯಿ ಅದು. ನನಗೆ ತಡೆಯಲಾಗಲಿಲ್ಲ. "ಅಲ್ಲ ಶಾಲಿನಿಬಾಯಿ, ಮೊನ್ನೆ ನಿಮ್ಮನೆ ಸಾರಿನಲ್ಲಿ ಮುಳುಗಿದ್ದ ಬಂಗಡೆ ನಾರಲಿಲ್ಲ, ಅದರ ತಮ್ಮ ತಾರಸಿ ಹತ್ತಿದ ಕೂಡಲೇ ನಾರ್ತದ್ಯಾ?" ಎಂದೆ. ಪೈಯವರು ಕೆಮ್ಮಿದರು. "ಅದು ತಾಜಾ," ಎಂದಳು ಅವಳು. "ಇದೂ ತಾಜಾನೇ ಇತ್ತು. ನಾನೂ ಒಂದು ಕಾಲದಲ್ಲಿ ತಾಜಾ ಇದ್ದೆ," ಎಂದೆ. ಮಾಸ್ತರು ನಗು ತಡೆದುಕೊಳ್ಳಲು ಕನ್ನಡಕ ತೆಗೆದು ಒರೆಸಿದರು.

ಕೊನೆಗೆ ದಾರಿ ತೋರಿಸಿದವರು ಪಾರ್ವತಮ್ಮ. "ಮಳೆಗಾಲಕ್ಕೆ ಅವರಿಗೂ ಎಂತಾದ್ರೂ ಬೇಕಲ್ಲ. ನಾಗಮ್ಮ ಮೇಲೇ ಕೂತು ಕಾಯ್ಲಿ. ಹ್ಯಾಂಗೂ ಕೂತಾಗ ನಮ್ಮ ಹಪ್ಪಳದ ಮೇಲೂ ಒಂದು ಕಣ್ಣು ಇರ್ಲಿ," ಎಂದರು. ಮಾಸ್ತರು ತೀರ್ಪು ಕೊಟ್ಟರು. ಮೀನು ಬಾಗಿಲ ಹತ್ತಿರ ಕೂಡದು, ನೀರಿನ ಟಾಕಿಯ ಆಚೆಯ ಮೂಲೆಯಲ್ಲಿ ಹರವಬೇಕು. ಅಲ್ಲಿಂದ ಗಾಳಿ ಕೆರೆಯ ಕಡೆ ಹೋಗುತ್ತದೆ. ಒಣಗುವಷ್ಟು ಹೊತ್ತೂ ನಾನು ಅಲ್ಲೇ ಕೂತು ಕಾಗೆ ಓಡಿಸಬೇಕು. ಕೀಲಿಕೈ ನನ್ನ ಹತ್ತಿರ. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋರ್ಟಿನಲ್ಲಿ ದಾವೆ ಗೆದ್ದವಳ ಹಾಗೆ ಮೆಟ್ಟಿಲು ಹತ್ತಿದೆ. ಸೊಸೆ ಶಾಂತಿ ಕಾಯ್ಕಿಣಿಯ ಕಡೆಯವಳು, ಹೊಲದ ಮನೆಯಿಂದ ಬಂದವಳು, ಮಾತು ಕಡಿಮೆ. "ಗೆದ್ರಾ ಅತ್ತೆ?" ಎಂದಳು. "ಗೆದ್ದೆ," ಎಂದೆ. "ಆತು. ನಾಳೆಯಿಂದ ಬಿಸ್ಲಲ್ಲಿ ಕೂರೂದು ಯಾರು?" ಎಂದು ಕೇಳಿದಳು. ಅದನ್ನು ನಾನು ಯೋಚಿಸಿರಲಿಲ್ಲ.

ಮರುದಿನದಿಂದ ಮಾಸ್ತರ ಮನೆಯ ಮುರುಕು ಕುರ್ಚಿ, ಗಂಡನ ಕಾಲದ ಕೊಡೆ, ಕರಿಬಟ್ಟೆ ಕಟ್ಟಿದ ಒಂದು ಕೋಲು, ಇಷ್ಟರೊಡನೆ ನನ್ನ ಸಂಸಾರ ತಾರಸಿಗೆ ಹೋಯಿತು. ಕಾಯುವವರು ಒಬ್ಬರು ಇದ್ದಾರೆಂದು ಗೊತ್ತಾದ ಮೇಲೆ ಜನರಿಗೆ ಒಣಗಿಸಲು ಎಷ್ಟೊಂದು ವಸ್ತು ಇರುತ್ತದೆ ಎಂದು ಆಗ ತಿಳಿಯಿತು. ಹಪ್ಪಳದ ಹಿಂದೆ ಸಂಡಿಗೆ ಬಂತು, ಸಂಡಿಗೆಯ ಹಿಂದೆ ಮೆಣಸು, ಸಾರಿನ ಹುಳಿಗೆ ಬೇಕಾದ ಮುರುಗಲ ಸಿಪ್ಪೆ, ಯಾರದೋ ಮಗು ಒದ್ದೆ ಮಾಡಿದ ಹಾಸಿಗೆ. ವಾಂತಿ ಬರುತ್ತದೆ ಎಂದಿದ್ದ ಶಾಲಿನಿಬಾಯಿಯೇ ಎಲ್ಲರಿಗಿಂತ ದೊಡ್ಡ ಚಾಪೆ ಹಾಸಿದಳು. "ನಾಗಕ್ಕಾ, ಮಧ್ಯಾಹ್ನಕ್ಕೆ ಸ್ವಲ್ಪ ಮಗುಚಿ ಹಾಕು ಹಾಂ," ಎಂದು ಹೇಳಿ ಇಳಿದು ಹೋಗುತ್ತಿದ್ದಳು. ಅವರ ಟಿ.ವಿ.ಯ ಉದ್ದ ಕೊಳವೆಯೂ ತಾರಸಿಯ ಮೇಲೇ ನಿಂತಿತ್ತು. ಕಾಗೆ ಅದರ ಮೇಲೆ ಕೂತರೆ ಕೆಳಗೆ ಚಿತ್ರ ಕುಣಿಯುತ್ತದಂತೆ. ಭಾನುವಾರ ಬಂತೆಂದರೆ, "ನಾಗಕ್ಕಾ, ಕಾಗೆ! ಕಾಗೆ!" ಎಂದು ಪೈಯವರು ಕಿಟಕಿಯಿಂದ ಕೂಗುತ್ತಿದ್ದರು. ನಾನು ಕೋಲೆತ್ತಿದರೆ ಅವರಿಗೆ ಚಿತ್ರ ಸರಿಯಾಗುತ್ತಿತ್ತು. ನಾನೇ ಅದುವರೆಗೆ ಟಿ.ವಿ. ನೋಡಿರಲಿಲ್ಲ.

ಬೈದುಕೊಂಡೇ ಕೂರುತ್ತಿದ್ದೆ, ಆದರೆ ಬೈಗುಳ ಪೂರ್ತಿ ನಿಜವಾಗಿರಲಿಲ್ಲ. ಅಧಿಕಾರ ಎಂಬುದು ಕೊಡೆಯ ಕೆಳಗೆ ಕೂತರೂ ಬರುತ್ತದೆ. ಇವರ ಸಂಡಿಗೆ ನೀರಾಯಿತು, ಅವರ ಹಪ್ಪಳ ದಪ್ಪವಾಯಿತು ಎಂದು ನಾನು ಹೇಳತೊಡಗಿದೆ. ನನಗೆ ಹಪ್ಪಳ ಲಟ್ಟಿಸಲು ಬರುವುದಿಲ್ಲ. ಪಾರ್ವತಮ್ಮ ಊಟ ಮುಗಿಸಿ ಬಂದು ಸ್ವಲ್ಪ ದೂರದಲ್ಲಿ, ಗಾಳಿ ನೋಡಿಕೊಂಡು ಕೂರುತ್ತಿದ್ದರು. ಒಂದು ದಿನ ಧ್ವನಿ ತಗ್ಗಿಸಿ, "ನಾಗಮ್ಮಾ, ಇದಕ್ಕೆ ಉಪ್ಪು ಎಷ್ಟು ಹಾಕ್ತೆ?" ಎಂದರು. ಕೈಯಲ್ಲಿ ಅಳತೆ ತೋರಿಸಿದೆ. "ನಮ್ಮ ಮಾವಿನ ಮಿಡಿಗೂ ಹೆಚ್ಚು ಕಮ್ಮಿ ಇಷ್ಟೇ ಆಗ್ತು," ಎಂದು ತಲೆಯಾಡಿಸಿದರು. ಆಮೇಲೆ ಯಾರಾದರೂ ಕೇಳಿಸಿಕೊಂಡರೋ ಎಂದು ಮೆಟ್ಟಿಲ ಕಡೆ ನೋಡಿದರು. ಇನ್ನೊಂದು ಸಂಗತಿ. ಆ ಟಾಕಿಯ ಪಕ್ಕದಿಂದ ಕೆರೆ ಇಡೀ ಕಾಣುತ್ತದೆ. ಹೆಚ್ಚು ಕ್ರಯ ಕೊಟ್ಟವರಿಗೆ ಕಿಟಕಿಯಷ್ಟು ಕಂಡರೆ ನನಗೆ ದಂಡೆಯಿಂದ ದಂಡೆಯ ತನಕ ಕಾಣುತ್ತಿತ್ತು. ಎಮ್ಮೆ, ಎಮ್ಮೆಯ ಮೇಲೆ ಬೆಳ್ಳಕ್ಕಿ, ಸಂಜೆಯ ಬಿಸಿಲು. ಚೆನ್ನಾಗಿಯೇ ಇತ್ತು. ದಾಮೋದರನಿಗೆ ಇದನ್ನು ಹೇಳಲಿಲ್ಲ.

ಮಳೆ ಹತ್ತಿರ ಬಂತು. ನನ್ನ ಬಂಗಡೆ ಮರದ ಚಕ್ಕೆಯ ಹಾಗೆ ಒಣಗಿತ್ತು. ಒಂದು ದಿನ ಮಳೆಗಾಲಕ್ಕೆ ಬೇಕಾದ ಅಷ್ಟನ್ನೂ ಕೊನೆಯ ಬಿಸಿಲಿಗೆಂದು ಹರವಿದೆ, ಸಂಜೆ ಡಬ್ಬಕ್ಕೆ ತುಂಬುವುದೆಂದು. ಮಂಕಾಳಿ ಆಗುವುದು ತಪ್ಪಿತು ಎಂದು ನಿಶ್ಚಿಂತೆಯಿಂದ ಕೂತು, ಅಭ್ಯಾಸದಂತೆ ಸಮುದ್ರದ ಕಡೆ ನೋಡುತ್ತಿದ್ದೆ. ಮಳೆ ಬಂದದ್ದು ಬೆನ್ನ ಹಿಂದಿನಿಂದ, ಘಟ್ಟದ ಕಡೆಯಿಂದ. ಕೆರೆಯ ಎಮ್ಮೆಗಳು ಒಟ್ಟಿಗೆ ತಲೆ ಎತ್ತಿದ್ದನ್ನು ಕಂಡು ತಿರುಗಿದರೆ ಮೋಡ ಗಿರಣಿಯ ತಗಡಿನ ಮೇಲೆ ಕೂತಿತ್ತು. "ಬನ್ರೇ! ಮಳೆ ಬಂತು!" ಎಂದು ಕೂಗಿದೆ. ಕೇರಿಯಲ್ಲಾದರೆ ಈ ಕೂಗಿಗೆ ಸತ್ತವರೂ ಎದ್ದು ಬರುತ್ತಿದ್ದರು. ಇಲ್ಲಿ ಆರೂ ಬಾಗಿಲು ಹಾಕಿತ್ತು. ಹಪ್ಪಳ ಬಾಚಿ ಬಾಗಿಲೊಳಗೆ ಹಾಕಿದೆ. ಸಂಡಿಗೆ ಹಾಕಿದೆ. ಮೆಣಸು, ಸಿಪ್ಪೆ, ಕೊನೆಗೆ ಆ ಹಾಸಿಗೆಯನ್ನೂ ಎಳೆದು ಹಾಕಿದೆ. ಟಾಕಿಯ ಆಚೆ ಹೋಗುವ ಹೊತ್ತಿಗೆ ಮಳೆ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ನೀರು ಹೋಗುವ ತೂತಿಗೆ ಕಸ ಕಟ್ಟಿ ಆ ಮೂಲೆ ಸಣ್ಣ ಸರೋವರವಾಗಿತ್ತು. ನನ್ನ ಬಂಗಡೆಗಳು ಸತ್ತ ಮೇಲೆ ಎರಡನೆಯ ಸಲ ಈಜುತ್ತಿದ್ದವು.

ತನ್ನದನ್ನು ಬಿಟ್ಟು ಪರರದ್ದನ್ನು ಉಳಿಸಿದ ಪುಣ್ಯವತಿ ಎಂದು ಆಮೇಲೆ ನಾಲ್ಕು ಜನ ಹೇಳಿದರು. ಪುಣ್ಯ ಎಂತದೂ ಇಲ್ಲ. ಹಪ್ಪಳ ಬಾಗಿಲ ಹತ್ತಿರ ಇತ್ತು, ಮೀನು ದೂರ ಇತ್ತು, ನನ್ನ ಮಂಡಿ ಹತ್ತಿರದ್ದನ್ನು ಮೊದಲು ಮಾಡಿತು. ಒದ್ದೆಯಾದ ಒಣಮೀನು ಮರುದಿನದಿಂದ ನಾರಿದ ಪರಿ ನೋಡಿದ ಮೇಲೆ, ಮೊದಲಿನ ವಾಸನೆ ಸಂಪಿಗೆಯದ್ದಾಗಿತ್ತು ಎಂದು ಎಲ್ಲರೂ ಒಪ್ಪಿಕೊಂಡರು. ಹೂಳೋಣ ಎಂದರೆ ಅಂಗಳವಿಲ್ಲ. ದಾಮೋದರ ಗೋಣಿಯಲ್ಲಿ ಕಟ್ಟಿ ಸೈಕಲ್ ಮೇಲೆ ಕಡಲಿಗೆ ಒಯ್ದ. ಮಾಸ್ತರು ಬಾಗಿಲಲ್ಲಿ ನಿಂತು, "ನಾಗಮ್ಮಾ, ನಮ್ಮ ಹಪ್ಪಳ ಹೋದ್ರೆ ಹೋಗ್ತಿತ್ತು, ನೀವು ಮೊದಲು ಮೀನು ತೆಗೀಬೇಕಿತ್ತು," ಎಂದರು. "ಮೀನು ಬಾಗ್ಲ ಹತ್ರ ಇದ್ದಿದ್ರೆ ತೆಗೀತಿದ್ದೆ ಮಾಸ್ತರೇ. ಆ ಮೂಲೆಗೆ ಕಳ್ಸಿದವ್ರು ನೀವು," ಎಂದೆ. ಸಂಜೆ ಪಾರ್ವತಮ್ಮ ಒಂದು ಕಟ್ಟು ಹಪ್ಪಳ ತಂದುಕೊಟ್ಟರು. ಈ ಸಲ ಕಾಗೆ ಮುಟ್ಟದ್ದು. ರುಚಿ ಅಷ್ಟೇ ಇತ್ತು.

ಆದರೆ ಮಳೆಗಾಲ ಪೂರ್ತಿ ಗಂಜಿಗೆ ಹಪ್ಪಳ ನೆಂಚಿಕೊಂಡು ಇರಲು ನಾನೇನು ಭಟ್ಟರ ಮನೆಯವಳೇ? ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಹೊನ್ನಾವರದ ಪೇಟೆಯಲ್ಲಿ ಒಣಮೀನು ಸಿಗುವುದಿಲ್ಲವೆಂದಲ್ಲ. ಅಲ್ಲಿ ಬುಟ್ಟಿ ಇಟ್ಟುಕೊಂಡವರೆಲ್ಲ ನನ್ನ ಗುರುತಿನವರು. ಕರ್ಕಿ ದಾಟುವ ತನಕ ತಲೆಯ ಮೇಲಿನ ಸೆರಗು ತೆಗೆಯಲಿಲ್ಲ. ಕುಮಟೆಯ ಸಂತೆಯಲ್ಲಿ ಒಂದು ಸುತ್ತು ಹಾಕಿ, ಎಲ್ಲಕ್ಕಿಂತ ಒಳ್ಳೆಯ ಬಂಗಡೆ ಕಂಡಲ್ಲಿ, ಮಾರುವವಳ ಮುಖ ನೋಡದೆ ಮೀನಿನ ಮುಖ ನೋಡುತ್ತ ಕೂತೆ. ಹದವಾಗಿ ಸೀಳಿತ್ತು, ಉಪ್ಪು ಹೂವಿನ ಹಾಗೆ ಎದ್ದಿತ್ತು. ಒಂದು ಗುಪ್ಪೆ ತೋರಿಸಿ, "ಹೇಂಗೆ ಪಾಲು?" ಎಂದು ಕ್ರಯ ಕೇಳಿದೆ. ಉತ್ತರ ಬರಲಿಲ್ಲ. ತಲೆ ಎತ್ತಿದೆ. ಮಂಕಾಳಿ ಎಲೆಯಡಿಕೆ ಅಗಿಯುತ್ತ, ಅವಸರವಿಲ್ಲದೆ ನನ್ನನ್ನು ನೋಡುತ್ತಿದ್ದಳು. ಅವಳ ಮಗ ಇಲ್ಲಿ ಕಡಲ ದಂಡೆಯ ಹತ್ತಿರ ಮನೆ ಕಟ್ಟಿದ್ದಾನಂತೆ. ಮುಂದೆ ಮರವಿಲ್ಲ ಮಟ್ಟಿಯಿಲ್ಲ, ಇಡೀ ದಿನ ಬಿಸಿಲಂತೆ. 

"ಏ ನಾಗೀ, ನಿನ್ನ ಅಂಗಳಕ್ಕೆ ಬಿಸ್ಲೇ ಬರೂದಿಲ್ವನೇ?" ಎಂದಳು.

ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದಳು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಹದ ಮಾಡಿದ್ದಳೆಂದು ಕಾಣುತ್ತದೆ. "ಬಿಸ್ಲು ಬತ್ತದೆ ಮಾರಾಯ್ತಿ. ಅಂಗಳ ಇಲ್ಲ," ಎಂದೆ. ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ. ಪಾಲು ಎತ್ತಿ ನನ್ನ ಚೀಲಕ್ಕೆ ಹಾಕಿ, ಮೇಲಿಂದ ಒಂದು ದೊಡ್ಡ ಬಂಗಡೆ ಹೆಚ್ಚಿಗೆ ಹಾಕಿದಳು. ಮಾತಿಗಿಂತ ಅದೇ ನನಗೆ ಹೆಚ್ಚು ಉರಿಯಿತು. ಮನೆಗೆ ಬಂದವಳೇ ಆ ಬಂಗಡೆಯನ್ನು ಮೊದಲು ಕೆಂಡದ ಮೇಲೆ ಸುಟ್ಟೆ. ಉಪ್ಪು ಹೆಚ್ಚಾಗಿದೆ ಎಂದು ಹೇಳಬೇಕೆಂದು ಬಹಳ ಆಸೆ ಇತ್ತು. ಎರಡು ಸಲ ರುಚಿ ನೋಡಿದೆ. ಸರಿಯಾಗಿಯೇ ಇತ್ತು.